ಬೆಟ್ಟದ ಮೇಲೆ ಕಾಫಿ ಕೊಯ್ಲು, ಕೈಯಲ್ಲೊಂದು ಮನವಿ

ಶುಕ್ರವಾರ

ಮೈಸೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಎರಡು ದಾರಿ ಇವೆ. ಯಳಂದೂರು, ಗುಂಬಳ್ಳಿ ಮೇಲೆ ಹತ್ತುವುದು ಒಂದು. ಚಾಮರಾಜನಗರಕ್ಕೆ ಹೋಗಿ ಕೆ. ಗುಡಿ ಮೇಲೆ ಕಾಡೊಳಗೆ ನುಗ್ಗುವುದು ಇನ್ನೊಂದು. ಎರಡೂ ಕಡೆ ಅರಣ್ಯ ಇಲಾಖೆಯ ಗೇಟು. ಕತ್ತಲಾಯಿತು ಅಂದರೆ ಗೇಟು ಬಂದ್. ಹುಲಿ ಇರುವ ಕಾಡು, ಮುಚ್ಚಬೇಕಾದ್ದೇ. ಆದರೆ ಗೇಟಿನ ಆಚೆ ಈ ಕಾಡಿನ ಬುಡಕಟ್ಟಾದ ಸೋಲಿಗರ ಪೋಡುಗಳಿವೆ, ಅಂದರೆ ಅವರ ಪುಟ್ಟ ಊರುಗಳು. ಹೆರಿಗೆ ನೋವು ಹೊತ್ತು ನೋಡಿಕೊಂಡು ಬರುತ್ತಾ? ತುರ್ತಿಗೆ ಗೇಟು ತೆಗೆಯುತ್ತಾರೆ, ನಿಜ. ತೆಗೆಸಿಕೊಳ್ಳಲು ಗಾಡಿ ಬೇಕಲ್ಲ, ಗಾಡಿ ಕರೆಯಲು ಫೋನಿಗೆ ಸಿಗ್ನಲ್ ಬೇಕಲ್ಲ.

ನಾವು ಯಳಂದೂರು ದಾರಿ ಹಿಡಿದೆವು. ಗುಂಪಿನಲ್ಲಿ ಎಂಬಿಬಿಎಸ್ ಓದುವ ಹುಡುಗರಿದ್ದರು, ಕಾನೂನು ಓದುವ ಮಂಡ್ಯದವನೊಬ್ಬ ಇದ್ದ, ನಾನು ಸಮಾಜಕಾರ್ಯದವಳು. ನಮ್ಮದು ನೋಂದಣಿಯಾದ ಸಂಘ ಅಲ್ಲ. ಬ್ಯಾನರ್ ಇಲ್ಲ, ಟೀ ಶರ್ಟ್ ಇಲ್ಲ. ಮುಂದಾಳು ಮಾತ್ರ ಇದ್ದಾಳೆ. ನರ್ಸಿಂಗ್ ಓದುತ್ತಿರುವ ಸೋಲಿಗರ ಹುಡುಗಿ, ಇದೇ ಬೆಟ್ಟದ ಪೋಡಿನವಳು. 'ನನ್ನ ಹೆಸರು ಹಾಕ್ಬೇಡಕ್ಕ' ಅಂದಿದ್ದಾಳೆ. ಹಾಗಾಗಿ ಇಲ್ಲಿ ತಂಗಿ ಅಂತಲೇ ಕರೆಯುತ್ತೇನೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಜಾಸ್ತಿ ಗದರುವವಳೂ ಅವಳೇ.

ವಿದ್ಯಾರ್ಥಿಗಳು ಕಾಡಿನ ಜನರ ಆರೋಗ್ಯದ ಕೆಲಸಕ್ಕೆ ಇಳಿಯುವುದು ನಮ್ಮ ಸೀಮೆಗೆ ಹೊಸದಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯುವ ಚಳವಳಿ ಶುರು ಮಾಡಿದರು. ಮುಂದೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಹೋಗಿ ನೆಲೆ ನಿಂತರು. ಸರಗೂರಿನ ಆಸ್ಪತ್ರೆ ಅಲ್ಲಿಂದ ಬೆಳೆದದ್ದು. ಅದಕ್ಕೂ ಮೊದಲೇ ಬೆಂಗಳೂರಿನ ಎಚ್. ಸುದರ್ಶನ್ ಡಾಕ್ಟರಾಗಿ ಈ ಬೆಟ್ಟ ಹತ್ತಿದ್ದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಕರಡಿ ಪರಚಿದವರಿಗೆ, ಹಾವು ಕಚ್ಚಿದವರಿಗೆ ಮದ್ದು ಮಾಡುತ್ತಾ ಜನರ ನಂಬಿಕೆ ಗಳಿಸಿದರು ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಬಸ್ಸು ಗುಂಬಳ್ಳಿ ದಾಟುವಾಗ ತಂಗಿ ಕಿಟಕಿಯಿಂದ ಕೈ ತೋರಿಸಿದಳು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ನಡೆಸಲು ವಹಿಸಿದ್ದು ಕರುಣಾ ಟ್ರಸ್ಟಿಗೆ. ಅದೂ ಸುದರ್ಶನ್ ಕಟ್ಟಿದ ಸಂಸ್ಥೆಯೇ. ಯಳಂದೂರು ಸುತ್ತಮುತ್ತ ಆಗ ಕುಷ್ಠರೋಗ ಬಹಳ ಇತ್ತು, ಟ್ರಸ್ಟು ಹುಟ್ಟಿದ್ದೇ ಅದಕ್ಕಾಗಿ. ಎಂಬಿಬಿಎಸ್ ಹುಡುಗರಿಗೆ ಇದೆಲ್ಲ ಪಠ್ಯದಲ್ಲಿ ಇರಲಿಲ್ಲವಂತೆ. ನನಗೇನೂ ಆಶ್ಚರ್ಯ ಆಗಲಿಲ್ಲ.

ಗೇಟು ದಾಟಿದ ಮೇಲೆ ರಸ್ತೆ ಸುತ್ತುತ್ತಾ ಏರುತ್ತದೆ. ಸಂಕ್ರಾಂತಿ ಕಳೆದು ಚಿಕ್ಕ ಜಾತ್ರೆಯೂ ಮುಗಿದಿತ್ತು. ರಸ್ತೆ ಬದಿಯಲ್ಲಿ ಇನ್ನೂ ಜಾತ್ರೆಯ ಕಸ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಇವರಿಗೆ ಅವನು ದೇವರಿಗಿಂತ ಮೊದಲು ಭಾವ. ರಂಗಭಾವ. 'ಭಾವ ಮೇಲೆ ಕೂತವ್ನೆ, ನಾಳೆ ನೋಡಣ. ಮೊದ್ಲು ಊಟ' ಅಂದಳು ತಂಗಿ. ಅವರ ಮನೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು. ಚಳಿ ಮಾತ್ರ ಮೂಳೆಗೆ ಇಳಿಯುವಂಥದ್ದು.

ಶನಿವಾರ

ಬೆಳಿಗ್ಗೆ ಪಟ್ಟಿ ಹಿಡಿದು ಮನೆ ಮನೆಗೆ ಹೊರಟೆವು. ನಮ್ಮ ಕೆಲಸ ಇಷ್ಟೇ: ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಸಿಕಲ್ ಸೆಲ್‌ನ ಪರೀಕ್ಷೆ ಯಾರಿಗೆ ಆಗಿದೆ, ಫಲಿತಾಂಶ ಅವರ ಕೈಗೆ ಬಂದಿದೆಯಾ, ಬಂದಿದ್ದರೆ ಅದರ ಅರ್ಥ ಯಾರಾದರೂ ಹೇಳಿದ್ದಾರಾ, ಮಾತ್ರೆ ಎಲ್ಲಿ ತರುತ್ತಾರೆ, ಎಷ್ಟು ಖರ್ಚು. ಪರೀಕ್ಷೆ ಮಾಡುವುದು ಆರೋಗ್ಯ ಇಲಾಖೆಯವರ ಕೆಲಸ. ಆಮೇಲೆ ಏನಾಯಿತು ಅಂತ ಕೇಳುವುದು ನಮ್ಮದು.

ಒಂದು ಮನೆಗೆ ಬೀಗ. ಇನ್ನೊಂದಕ್ಕೂ ಬೀಗ. ಮೂರನೆಯದರಲ್ಲಿ ಅಜ್ಜಿಯೊಬ್ಬಳೇ ಬಿಸಿಲು ಕಾಯಿಸುತ್ತಾ ಕೂತಿದ್ದಳು. 'ಎಲ್ಲಾ ಕಾಪಿ ಕುಯ್ಯಕ್ಕೆ ಹೋಗವ್ರೆ ಕಣವ್ವ. ಹೊತ್ತು ಮುಳುಗ್ದ ಮ್ಯಾಲೆ ಬನ್ನಿ.'

ಜನವರಿ ಅಂದರೆ ಕಾಫಿ ಹಣ್ಣಿನ ಕಾಲ. ಕೆಲವರಿಗೆ ಮನೆ ಹಿಂದೆಯೇ ಸ್ವಂತ ಗಿಡಗಳಿವೆ. ಉಳಿದವರು ಎಸ್ಟೇಟಿಗೆ ಹೋಗುತ್ತಾರೆ, ಕೆಲವರು ಕೊಡಗಿನವರೆಗೂ. ಹಗಲು ಹತ್ತು ಗಂಟೆಗೆ ಬಂದು ಮಧ್ಯಾಹ್ನ ಊಟಕ್ಕೆ ಇಳಿದು ಹೋಗುವ ಯಾವ ತಂಡಕ್ಕೂ ಈ ಜನ ಸಿಗುವುದಿಲ್ಲ. ಆಮೇಲೆ ವರದಿಯಲ್ಲಿ 'ಜನರು ಸಹಕರಿಸಲಿಲ್ಲ' ಅಂತ ಬೀಳುತ್ತದೆ. ಕೂಲಿ ಬಿಟ್ಟು ಬೆರಳು ಚುಚ್ಚಿಸಿಕೊಳ್ಳಲು ಯಾರು ಕಾಯುತ್ತಾರೆ ಹೇಳಿ.

ಹಗಲಲ್ಲಿ ಶಾಲೆಯ ಮಕ್ಕಳಿಗೆ ಪರೀಕ್ಷೆ ನಡೆಯುತ್ತಿದ್ದ ಕಡೆ ಹೋದೆವು. ಲ್ಯಾಬ್ ಅಣ್ಣ ಮಗುವಿನ ಬೆರಳಿಗೆ ಸೂಜಿ ತಾಗಿಸಿ, ಒಂದು ಹನಿ ರಕ್ತವನ್ನು ಸಣ್ಣ ಗಾಜಿನ ಕೊಳವೆಯ ದ್ರಾವಣಕ್ಕೆ ಬಿಟ್ಟರು. ಕೆಂಪು ಹರಡಿತು. ಕೊಂಚ ಹೊತ್ತು ಬಿಟ್ಟು, ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿದರು. ಗೆರೆ ಸ್ಪಷ್ಟವಾಗಿ ಕಂಡಿತು. ಈ ಮಗುವಿಗೆ ಏನೂ ಇಲ್ಲ. ಮುಂದಿನದು, ಅದಕ್ಕೂ ಇಲ್ಲ. ಆಮೇಲೆ ಒಂದು ಹುಡುಗಿಯ ಕೊಳವೆ ಮಬ್ಬಾಯಿತು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಹಿಂದಿನ ಗೆರೆ ಕಾಣಲಿಲ್ಲ. ಆ ಹುಡುಗಿ ಜಡೆಯ ರಿಬ್ಬನ್ ಬಾಯಲ್ಲಿ ಕಚ್ಚಿಕೊಂಡು ಎಲ್ಲರ ಮುಖ ನೋಡುತ್ತಿದ್ದಳು. ಮಬ್ಬಾದರೆ ಇಷ್ಟು ಗೊತ್ತಾಗುತ್ತದೆ: ಈ ರಕ್ತದಲ್ಲಿ ಸಿಕಲ್ ಇದೆ. ಕಾಯಿಲೆಯೇ ಇದೆಯಾ ಅಥವಾ ಕಾಯಿಲೆ ಇಲ್ಲದೆ ಆ ಗುಣವನ್ನು ಸುಮ್ನೆ ಒಯ್ಯುವವಳಾ ಅನ್ನುವುದಕ್ಕೆ ರಕ್ತವನ್ನು ಕೆಳಗೆ ಕಳಿಸಿ ಯಂತ್ರದಲ್ಲಿ ನೋಡಬೇಕು. ಎಚ್‌ಪಿಎಲ್‌ಸಿ ಅಂತಾರೆ ಅದಕ್ಕೆ.

ಕಾಯಿಲೆ ಇರುವವರ ಕೆಂಪು ರಕ್ತಕಣ ಕೆಲವೊಮ್ಮೆ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಬೆನ್ನು, ಎದೆ ಎಲ್ಲಿ ಬೇಕಾದರೂ ತಡೆಯಲಾಗದ ನೋವು. ಚಳಿ ಬಿದ್ದರೆ, ನೀರು ಕಡಿಮೆ ಕುಡಿದರೆ, ಜ್ವರ ಬಂದರೆ ಜಾಸ್ತಿ. ಮಲೇರಿಯಾ ಇದ್ದ ಕಾಡುಗಳಲ್ಲಿ ಈ ಗುಣ ತಲೆಮಾರುಗಳಿಂದ ಉಳಿದುಕೊಂಡಿದೆ. ಒಂದು ಪಾಲು ಮಾತ್ರ ಇದ್ದವರನ್ನು ಅದು ಕೆಟ್ಟ ಮಲೇರಿಯಾದಿಂದ ಕಾಯುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲಿಗೆ ಹತ್ತಿರದ ನೀಲಗಿರಿಯಲ್ಲಿ. ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಶುರು ಮಾಡಿದ್ದು 2023ರ ಜುಲೈ 1ರಂದು. 40 ವರ್ಷದವರೆಗಿನ 7 ಕೋಟಿ ಜನರಿಗೆ ಪರೀಕ್ಷೆ, 2047ಕ್ಕೆ ನಿರ್ಮೂಲನೆ ಅನ್ನುವುದು ಗುರಿ. 1952ಕ್ಕೂ 2023ಕ್ಕೂ ನಡುವೆ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ. ನಗರದ ಜನರ ಕಾಯಿಲೆ ಆಗಿದ್ದರೆ ಇಷ್ಟು ತಡ ಆಗುತ್ತಿತ್ತಾ?

ಸಂಜೆ ಕತ್ತಲಾಗುವ ಹೊತ್ತಿಗೆ ಜನ ವಾಪಸ್ ಬಂದರು. ತಂಗಿ ನಮ್ಮನ್ನು ಒಂದು ಹೊಸ ಜೋಡಿಯ ಮನೆಗೆ ಕರೆದುಕೊಂಡು ಹೋದಳು. ಹೆಂಡತಿ ಆರು ತಿಂಗಳ ಬಸುರಿ. ಒಲೆಯ ಹೊಗೆಗೆ ನಮ್ಮ ಕಣ್ಣು ಉರಿಯುತ್ತಿತ್ತು, ಅವರು ಆರಾಮಾಗಿದ್ದರು.

'ಪರೀಕ್ಷೆ ಮಾಡ್ಸಿದ್ರಾ ಅಕ್ಕ?'

'ಮಾಡ್ಸಿದ್ವಲ್ಲವ್ವ, ಇಬ್ರಿಗೂ.'

'ಏನಂದ್ರು?'

'ಚೀಟಿ ಕೊಟ್ರು.'

ಗಂಡ ಮೂಲೆಯ ಕಬ್ಬಿಣದ ಪೆಟ್ಟಿಗೆ ತೆಗೆದ. ಮದುವೆ ಸೀರೆಯ ಕೆಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ಪಡಿತರ ಚೀಟಿ, ತಾಯಿ ಕಾರ್ಡು, ಕೊನೆಯಲ್ಲಿ ನಾಲ್ಕಾಗಿ ಮಡಿಸಿದ ಎರಡು ಕಾಗದ. ಎರಡರಲ್ಲೂ ಇಂಗ್ಲಿಷಿನಲ್ಲಿ 'ಎಎಸ್' ಅನ್ನುವ ಎರಡಕ್ಷರ. ಅಷ್ಟೇ. ಇಬ್ಬರೂ ಆ ಗುಣ ಒಯ್ಯುವವರು. ಇಬ್ಬರಿಗೂ ಕಾಯಿಲೆ ಇಲ್ಲ, ಮುಂದೆ ಬರುವುದೂ ಇಲ್ಲ. ಆದರೆ ಹುಟ್ಟುವ ಮಗುವಿನ ಮಾತು ಬೇರೆ. ಚೀಟಿ ತುಂಬ ಜೋಪಾನವಾಗಿತ್ತು. ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ.

ಎಂಬಿಬಿಎಸ್ ಹುಡುಗ ಶುರು ಮಾಡಿದ. 'ಇದು ಆಟೋಸೋಮಲ್ ರಿಸೆಸಿವ್...' ತಂಗಿ ಅವನ ಮೊಣಕೈ ಹಿಡಿದು ಕೂರಿಸಿದಳು. ಹೊರಗೆ ಹೋಗಿ ಅಂಗಳದ ಚೀಲದಿಂದ ಕಾಫಿ ತಂದಳು, ಕೆಂಪು ಹಣ್ಣು ಎರಡು, ಹಸಿರು ಕಾಯಿ ಎರಡು. ಗಂಡನ ಕೈಗೆ ಒಂದು ಕೆಂಪು ಒಂದು ಹಸಿರು. ಹೆಂಡತಿಗೂ ಹಾಗೇ.

'ಇಬ್ರೂ ಕೈ ಹಿಂದಕ್ಕೆ ಕಟ್ಕಳಿ. ನೋಡ್ದೇನೆ ಒಂದೊಂದು ಮುಂದಕ್ಕೆ ಕೊಡಿ. ಅಪ್ಪಂದು ಒಂದು, ಅವ್ವಂದು ಒಂದು, ಅದೇ ಮಗು.'

ಮೊದಲ ಸಲ ಕೆಂಪು ಕೆಂಪು ಬಂತು. ಎಲ್ಲರೂ ನಕ್ಕರು. ಆಮೇಲೆ ಕೆಂಪು ಹಸಿರು. ಮತ್ತೆ ಕೆಂಪು ಹಸಿರು. ಪಕ್ಕದ ಮನೆಯ ಮಕ್ಕಳು ಬಾಗಿಲಲ್ಲಿ ಗುಂಪು ಕಟ್ಟಿದರು. ಇನ್ನೊಂದು ಸಲ ಆಡಿದಾಗ ಇಬ್ಬರ ಕೈಯಿಂದಲೂ ಹಸಿರೇ ಬಂತು. ಯಾರೂ ಮಾತಾಡಲಿಲ್ಲ. ಹೆಂಡತಿಯೇ ಕೇಳಿದಳು. 'ಹಿಂಗ್ ಬಂದ್ರೆ ಕಾಯ್ಲೆನಾ?'

'ಹೂಂ ಅಕ್ಕ. ನಾಕರಲ್ಲಿ ಒಂದು ಪಾಲು. ಪ್ರತಿ ಬಸುರಿಗೂ ಅಷ್ಟೇ ಲೆಕ್ಕ. ಮೊದ್ಲುದು ಚೆನ್ನಾಗಿದ್ರೆ ಮುಂದಿಂದು ಕೆಡ್ತದೆ ಅಂತಲ್ಲ, ಮೊದ್ಲುದು ಕೆಟ್ರೆ ಮುಂದಿಂದು ಚೆನ್ನಾಗಿರ್ತದೆ ಅಂತಾನೂ ಅಲ್ಲ.'

ಗಂಡ ನೆಲ ನೋಡುತ್ತಾ ಹೇಳಿದ. 'ಹಂಗಾರೆ ನಾವು ಮದ್ವೆನೇ ಆಗ್ಬಾರ್ದಾಗಿತ್ತಾ?'

ಇದಕ್ಕೆ ಏನು ಹೇಳುತ್ತಾಳೆ ಅಂತ ನಾನೂ ಕಾಯುತ್ತಿದ್ದೆ. ಅವಳು ತಡವರಿಸಲಿಲ್ಲ. 'ಹಂಗಂದ್ನಾ ನಾನು? ಕೂಸು ಹುಟ್ಟಿದ ಕೂಡ್ಲೆ ರಕ್ತ ಪರೀಕ್ಷೆ ಮಾಡ್ಸಣ. ಕಾಯ್ಲೆ ಇದ್ರೆ ಬೇಗ ಗೊತ್ತಾಯ್ತದೆ, ಬೇಗ ಮದ್ದು ಶುರು ಮಾಡ್ಬೋದು. ಈ ಚೀಟಿ ತಾಯಿ ಕಾರ್ಡ್ ಜೊತೇಲೇ ಇಟ್ಕಳಿ. ಹೆರಿಗೆಗೆ ಹೋದಾಗ ಕೇಳ್ದಿದ್ರೂ ತೋರ್ಸಿ.'

ಪಿನ್ನು ಹುಡುಕಿ ಆ ಕಾಗದಗಳನ್ನು ತಾಯಿ ಕಾರ್ಡಿಗೆ ಅವಳೇ ಚುಚ್ಚಿದಳು.

ಭಾನುವಾರ

ಭಾನುವಾರ ಜನ ಸಿಗುತ್ತಾರೆ. ಪೋಡಿನ ಯಜಮಾನರ ಮನೆ ಮುಂದೆ ಸಭೆ ಸೇರಿತು. ಆರೋಗ್ಯ ಇಲಾಖೆಗೆ ಕೊಡುವ ಮನವಿಯಲ್ಲಿ ಏನು ಬರೆಯಬೇಕು ಅನ್ನುವುದು ವಿಷಯ. ನಾವು ಮೈಸೂರಿನಲ್ಲೇ ಕೂತು ಒಂದು ಪಟ್ಟಿ ಮಾಡಿಕೊಂಡಿದ್ದೆವು, ಎರಡು ಪುಟದ್ದು. ತಂಗಿ ಅದನ್ನು ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಯಜಮಾನರು ಕೇಳಿದರು. 'ಇಷ್ಟೂ ಬೇಕು ಅಂದ್ರೆ ಯಾವ್ದೂ ಕೊಡಕ್ಕಿಲ್ಲ. ಮೊದ್ಲು ಯಾವುದು?'

ಅಲ್ಲಿಂದ ಜಗಳ ಶುರು. ಒಳ್ಳೆಯ ಜಗಳ.

ಎಂಬಿಬಿಎಸ್ ಹುಡುಗರಿಗೆ ದೊಡ್ಡ ಆರೋಗ್ಯ ಶಿಬಿರ ಬೇಕಿತ್ತು. ತಜ್ಞರನ್ನು ಕರೆಸಬಹುದು, ಕಾಲೇಜಿನಿಂದ ಬಸ್ಸು ಸಿಗುತ್ತದೆ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. 'ನೀವು ಬತ್ತೀರಿ, ಬರ್ಕತೀರಿ, ಐದು ದಿನುದ್ ಮಾತ್ರೆ ಕೊಡ್ತೀರಿ, ಪೋಟೋ ತಗೀತೀರಿ. ಆರನೇ ದಿನ?' ಹುಡುಗರ ಬಳಿ ಉತ್ತರ ಇರಲಿಲ್ಲ. ಶಿಬಿರ ಅಲ್ಲಿಗೇ ಮುಗಿಯಿತು. ಶಿಬಿರಗಳ ಮೇಲೆ ನನಗೂ ಮೊದಲಿನಿಂದ ಅಂಥ ಗೌರವ ಇಲ್ಲ. ಸನ್ಮಾನದ ಶಾಲಿನ ಖರ್ಚಿನಲ್ಲಿ ಎಷ್ಟು ಜನರ ಬಸ್ ಚಾರ್ಜು ಆಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿದರೆ ಒಳ್ಳೆಯದು.

ಬಸ್ಸೇ ಎಲ್ಲರ ಮೊದಲ ಮಾತು. ಕಾಯಿಲೆ ಇರುವ ಹದಿಹರೆಯದ ಹುಡುಗನ ತಾಯಿ ತನ್ನ ಲೆಕ್ಕ ಹೇಳಿದಳು. ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆಯಿಂದ ಅವನಿಗೆ ನೋವು ಬರುವುದು ಕಡಿಮೆಯಾಗಿದೆ. ಅದನ್ನು ನುಂಗುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು, ಬಿಳಿ ರಕ್ತಕಣ ತೀರಾ ಇಳಿಯಬಾರದು. ಅದಕ್ಕೆ ಕೆಳಗಿನ ಆಸ್ಪತ್ರೆಗೆ ಇಳಿಯಬೇಕು. ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಚೀಟಿ ಮಾಡಿಸುವ ಸಾಲು ಬಾಗಿಲು ದಾಟಿರುತ್ತದೆ. ರಕ್ತ ಕೊಟ್ಟರೆ ವರದಿ ಮಧ್ಯಾಹ್ನದ ಮೇಲೆ. ಕಾದರೆ ಬೆಟ್ಟದ ಬಸ್ಸು ತಪ್ಪುತ್ತದೆ. ಹಾಗಾಗಿ ವರದಿಗೆ ಇನ್ನೊಂದು ದಿನ. ಒಂದು ಮಾತ್ರೆ ಡಬ್ಬಿಗೆ ಎರಡು ದಿನದ ಕೂಲಿ, ಮಗನ ಚಾರ್ಜು. ಮಾತ್ರೆ ಪುಕ್ಕಟೆ.

'ಒಂದ್ಸಲ ಅಲ್ಲೇ ಮೆಟ್ಲ ಮ್ಯಾಲೆ ಮಲ್ಗಿದ್ವಿ' ಅಂದಳು. ಯಾರಿಗೂ ದೂರು ಹೇಳುವ ದನಿ ಇರಲಿಲ್ಲ ಅದರಲ್ಲಿ.

ಸೋಲಿಗರ ಮಾತು ಅರ್ಥ ಆಗದೆ ಆಸ್ಪತ್ರೆಯಲ್ಲಿ ಗದರಿಸುತ್ತಾರೆ ಅನ್ನುವುದು ಎರಡನೆಯದು. ಅವರ ಮಾತು ಕನ್ನಡಕ್ಕೆ ಹತ್ತಿರದ್ದೇ. ಕೇಳುವ ತಾಳ್ಮೆ ಇದ್ದರೆ ಅರ್ಧ ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ಪೋಡುಗಳಲ್ಲಿ ಈಗ ಓದಿದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರಲ್ಲೊಬ್ಬರನ್ನು ಆಸ್ಪತ್ರೆಯಲ್ಲಿ ಸಹಾಯಕ್ಕೆ ಕೂರಿಸಿ ಅಂತ ಬರೆದೆವು.

ಕಾನೂನಿನ ಹುಡುಗ ಪಿಎಂ ಜನಮನ್ ಯೋಜನೆ ಎತ್ತಿದ. 2023ರ ನವೆಂಬರಿನಲ್ಲಿ ಶುರುವಾದದ್ದು, ಅದರಲ್ಲಿ ಸಂಚಾರಿ ವೈದ್ಯಕೀಯ ವಾಹನಕ್ಕೂ ಹಣ ಇದೆ. ಆದರೆ ಅದು ವಿಶೇಷವಾಗಿ ದುರ್ಬಲ ಅಂತ ಗುರುತಿಸಿದ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿ ಇರುವವರು ಜೇನುಕುರುಬರು ಮತ್ತು ಕೊರಗರು. ಸೋಲಿಗರು ಇಲ್ಲ. ಎಚ್.ಡಿ. ಕೋಟೆಯ ಹಾಡಿಗೆ ಬರುವ ಹಣ ಈ ಪೋಡಿಗೆ ಬರುವುದಿಲ್ಲ, ಕಾಡು ಎರಡು ಕಡೆಯೂ ಅದೇ, ಕಾಯಿಲೆಯೂ ಅದೇ. ಜೇನುಕುರುಬರಿಗೆ ಕೊಟ್ಟದ್ದು ಜಾಸ್ತಿ ಆಯಿತು ಅಂತ ಸಭೆಯಲ್ಲಿ ಒಬ್ಬರೂ ಅನ್ನಲಿಲ್ಲ.

ಒಬ್ಬ ತಾತ ಆರೋಗ್ಯದ ಮಾತನ್ನೇ ಬೇರೆ ಕಡೆಗೆ ಎಳೆದ. ಮೊದಲು ಗೆಣಸು ಅಗೆದು ತಿನ್ನುತ್ತಿದ್ದೆವು, ಜೇನು ಇತ್ತು, ನೂರೆಂಟು ಸೊಪ್ಪು ಇತ್ತು. ಈಗ ಕಾಡೆಲ್ಲ ಲಂಟಾನ ಕಳೆ, ಕಾಲಿಡಲು ಜಾಗ ಇಲ್ಲ. ಸರ್ಕಾರ ಕೊಡುವ ಕಿಟ್ಟಿನ ಬೇಳೆ, ಮೊಟ್ಟೆ, ತುಪ್ಪ ಒಳ್ಳೆಯದೇ, ಆದರೆ ಕಾಡಿನದು ಕಾಡಿನದೇ. ಇದು ಹಳೆಯ ಕಾಲದ ಹಂಬಲ ಅಂತ ತಳ್ಳಿಹಾಕುವಂತಿಲ್ಲ. ಈ ಕಾಡು 1974ರಲ್ಲಿ ವನ್ಯಧಾಮವಾಯಿತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಅದೇ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹಾಗಾಗಿ ಕಾಡಿನ ಆಹಾರ ಈ ಜನ ಬೇಡಿ ಪಡೆಯುವಂಥದ್ದಲ್ಲ. ಆದರೆ ಅದನ್ನು ಆರೋಗ್ಯ ಇಲಾಖೆಯ ಮನವಿಗೆ ಸೇರಿಸಿದರೆ 'ಇದು ನಮಗೆ ಸಂಬಂಧಿಸಿದ್ದಲ್ಲ' ಅಂತ ಇಡೀ ಕಾಗದವೇ ವಾಪಸ್ ಬರುತ್ತದೆ ಅಂದಳು ತಂಗಿ. ಬೇರೆ ಕಾಗದ, ಬೇರೆ ದಿನ ಅಂತ ಒಪ್ಪಂದವಾಯಿತು. ತಾತನಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ಎರಡು ಪುಟ ಅರ್ಧ ಪುಟಕ್ಕೆ ಇಳಿಯಿತು. ಬಸ್ಸಿನ ಹೊತ್ತು, ಬೆಟ್ಟದ ಮೇಲೆಯೇ ರಕ್ತ ತೆಗೆದು ಕೆಳಗೆ ಕಳಿಸುವ ವ್ಯವಸ್ಥೆ, ಫಲಿತಾಂಶ ಕನ್ನಡದಲ್ಲಿ ಬರೆದು ಬಾಯಲ್ಲೂ ಹೇಳುವುದು, ಆಸ್ಪತ್ರೆಯಲ್ಲಿ ಸೋಲಿಗರ ಸಹಾಯಕರು. ಸಹಿ, ಹೆಬ್ಬೆಟ್ಟು ಎಲ್ಲ ಬಿದ್ದವು.

ಮಧ್ಯಾಹ್ನ ದೊಡ್ಡ ಸಂಪಿಗೆ ಮರಕ್ಕೆ ಹೋಗಿಬಂದೆವು. ಅದರ ವಯಸ್ಸು, ಬುಡದ ಲಿಂಗಗಳು, ಪಕ್ಕದ ಭಾರ್ಗವಿ ಹೊಳೆ ಬಗ್ಗೆ ಈಗಾಗಲೇ ಬಹಳ ಜನ ಬರೆದಿದ್ದಾರೆ. ರಂಗಭಾವನ ಗುಡಿಯಲ್ಲಿ ಹರಕೆಯ ದೊಡ್ಡ ಚರ್ಮದ ಪಾದರಕ್ಷೆಯಿಂದ ತಲೆಗೆ ಒಂದೇಟು ಹಾಕಿಸಿಕೊಂಡೆವು. ಎಂಬಿಬಿಎಸ್ ಹುಡುಗರಿಗೆ ಕೊಂಚ ಜೋರಾಗಿಯೇ ಬಿತ್ತು ಅನ್ನಿಸಿತು.

ಸೋಮವಾರ

ಈ ಸಲ ಕೆ. ಗುಡಿ ಮೇಲೆ ಇಳಿದೆವು. ರಸ್ತೆ ಬದಿಯಲ್ಲೇ ಜಿಂಕೆ, ಒಂದು ಕಡೆ ಕಾಡೆಮ್ಮೆ. ಯಜಮಾನರೂ ಆ ಹುಡುಗನ ತಾಯಿಯೂ ಕೂಲಿ ಬಿಟ್ಟು ನಮ್ಮ ಜೊತೆ ಬಂದಿದ್ದರು. ಸಭೆಯಲ್ಲಿ ಅವರೇ ಮಾತಾಡಬೇಕು ಅಂತ ತಂಗಿಯ ಹಟ. ನಾವು ಕಾಗದ ಹಿಡಿದುಕೊಂಡು ಹಿಂದೆ ನಿಲ್ಲಬೇಕು ಅಷ್ಟೇ.

ಚಾಮರಾಜನಗರದಲ್ಲಿ ಯಾವ ಕಚೇರಿಗೆ ಹೋದೆವು ಅಂತ ಬರೆಯುವುದಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದರು. ಕಾದೆವು. ಒಳಗೆ ಕರೆದ ಮೇಲೆ ಸಾಹೇಬರು ಎಂಬಿಬಿಎಸ್ ಹುಡುಗರ ಕಡೆ ನೋಡಿ 'ಯಾವ ಕಾಲೇಜಪ್ಪ?' ಅಂದರು. ಅವರು ಉತ್ತರ ಕೊಡದೆ ಯಜಮಾನರ ಕಡೆ ತಿರುಗಿದರು. ನನಗೆ ಅವರ ಮೇಲೆ ಮೊದಲ ಸಲ ಗೌರವ ಬಂತು.

ಯಜಮಾನರು ನಿಂತೇ ಮಾತಾಡಿದರು. ಸಾಹೇಬರು ಮಧ್ಯೆ ಬಾಯಿ ಹಾಕಿದರು. 'ಅಭಿಯಾನದಲ್ಲಿ ಎಲ್ಲರಿಗೂ ಪರೀಕ್ಷೆ ಆಗ್ತಾ ಇದೆಯಲ್ಲ, ಇನ್ನೇನು?' ಆಗ ಆ ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಕಟ್ಟು ಬಸ್ ಟಿಕೆಟ್ ಮೇಜಿನ ಮೇಲಿಟ್ಟಳು. ಎಲ್ಲ ಕೂಡಿಟ್ಟಿದ್ದಳು. ನಮಗೂ ಹೇಳಿರಲಿಲ್ಲ. 'ಇದು ವರ್ಸುದ್ದು ಸಾರ್. ಎಲ್ಲಾ ಮಾತ್ರೆಗೇ ಬಂದು ಹೋದದ್ದು.'

ಸಾಹೇಬರು ಟಿಕೆಟ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೆಟ್ಟದ ಮೇಲೆ ತಿಂಗಳಿಗೊಮ್ಮೆ ರಕ್ತ ತೆಗೆಯುವ ಬಗ್ಗೆ ಟಿಪ್ಪಣಿ ಹಾಕಿಸುತ್ತೇನೆ ಅಂದರು. ಫಲಿತಾಂಶ ಕನ್ನಡದಲ್ಲಿ ಕೊಡುವುದಕ್ಕೆ ತೊಂದರೆ ಇಲ್ಲ ಅಂದರು. ಸಹಾಯಕರ ಹುದ್ದೆಗೆ ಹಣ ಎಲ್ಲಿಂದ ಅಂತ ಕೈ ಎತ್ತಿದರು. ಬಸ್ಸು ತಮ್ಮದಲ್ಲ, ಡಿಪೋದವರನ್ನು ಕೇಳಿ ಅಂದರು. ಗುಮಾಸ್ತರು ನಕಲು ಪ್ರತಿಗೆ ಸೀಲು ಹೊಡೆದು ದಿನಾಂಕ ಹಾಕಿದರು. ತಂಗಿ ಸೀಲು ಸರಿಯಾಗಿ ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದಳು. ಅರ್ಧ ಬಿದ್ದಿತ್ತು. ಇನ್ನೊಮ್ಮೆ ಹೊಡೆಸಿದಳು.

ಡಿಪೋದಲ್ಲಿ ಮಾತು ಚುಟುಕು. ಹೊತ್ತು ಬದಲಾಯಿಸಬೇಕು ಅಂದರೆ ಗ್ರಾಮ ಪಂಚಾಯಿತಿಯ ನಿರ್ಣಯ ಬೇಕು, ಬಾಯಿಮಾತಿಗೆ ಆಗುವುದಿಲ್ಲ. ಒರಟಾಗಿ ಹೇಳಲಿಲ್ಲ, ಯಾವ ಹೊತ್ತಿಗೆ ಹೊರಟರೆ ಅನುಕೂಲ ಅಂತಲೂ ಕೇಳಿ ಬರೆದುಕೊಂಡರು. ತಂಗಿ ಅಲ್ಲೇ ನಿಂತು ಪಂಚಾಯಿತಿ ಸದಸ್ಯರೊಬ್ಬರಿಗೆ ಫೋನ್ ಹಚ್ಚಿದಳು. 'ಮಾವ, ಮುಂದಿನ ಸಭೇಲಿ ಇದೊಂದು ವಿಷ್ಯ ಸೇರಿಸ್ಬೇಕು. ಕಾಗ್ದ ನಾನು ಬರ್ಕೊಡ್ತೀನಿ, ನೀವು ಸುಮ್ನೆ ಓದಿ.' ಆ ಕಡೆಯಿಂದ ಏನೋ ನೆಪ ಬಂದಿರಬೇಕು. 'ಅದೆಲ್ಲ ಗೊತ್ತಿಲ್ಲ ಮಾವ, ನಾನೇ ಬತ್ತೀನಿ' ಅಂದು ಫೋನ್ ಇಟ್ಟಳು.

ನಾವು ಮೈಸೂರಿನ ರೈಲಿಗೆ ಸ್ಟೇಷನ್ನಿಗೆ ಹೊರಟೆವು. ತಂಗಿ ಬರಲಿಲ್ಲ. ಯಜಮಾನರನ್ನೂ ಆ ತಾಯಿಯನ್ನೂ ಬೆಟ್ಟದ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಕಾನೂನಿನ ಹುಡುಗ ನಿರ್ಣಯದ ಕರಡು ಬರೆಯಲು ಅವಳ ಜೊತೆ ಹೋದ. ಹೊರಡುವ ಮೊದಲು ಎಲ್ಲರಿಗೂ ಕೆಲಸ ಹಂಚಿದ್ದಳು. ಮಬ್ಬು ಬಂದ ಶಾಲಾ ಹುಡುಗಿಯ ಯಂತ್ರದ ವರದಿ ಹಿಂಬಾಲಿಸುವುದು ಎಂಬಿಬಿಎಸ್ ಹುಡುಗರ ಪಾಲಿಗೆ ಬಂತು. ಕಚೇರಿಗೆ ಫೋನ್ ಮಾಡಿ ಟಿಪ್ಪಣಿ ಯಾರ ಮೇಜಿನಲ್ಲಿದೆ ಅಂತ ಕೇಳುತ್ತಿರುವುದು ನನ್ನ ಪಾಲಿಗೆ. ಮುಂದಿನ ಸೋಮವಾರ ಹನ್ನೊಂದಕ್ಕೆ ಶುರು ಮಾಡಬೇಕು. ಹತ್ತೂವರೆಗೆ ಮಾಡಿದರೆ ಯಾರೂ ಎತ್ತುವುದಿಲ್ಲವಂತೆ.